ಮಂಜಿಲ್ಲದ ಊರಿನ ಮಂಜುದೀಪ

ಕಾರಿನ ಮುಂದಿನ ಎರಡು ದೀಪ ಬಿಚ್ಚಿ, ಅದೇ ಜಾಗದಲ್ಲಿ ಬೇರೆ ಎರಡು ದೀಪ ಕೂಡಿಸುವುದಕ್ಕೆ ಎಷ್ಟು ಹೊತ್ತು ಬೇಕು? ಅರ್ಧ ತಾಸು ಸಾಕು ಎಂದು ನಾನು ಅಂದಾಜು ಮಾಡಿದ್ದೆ. ಅಂದಾಜು ಸುಮ್ಮನೆ ಮಾಡಿದ್ದಲ್ಲ. ನಾನು ಬಿ.ಎಸ್‌ಸಿ. ಪಾಸಾದವಳು. ಹುನಗುಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುತ್ತಿದ್ದವಳು. ಕರಿಹಲಗೆಯ ಮೇಲೆ ನಾನು ಬರೆದ ಸರ್ಕೀಟಿನಲ್ಲಿ ದೀಪ ಹತ್ತದೇ ಉಳಿದ ಉದಾಹರಣೆ ಒಂದೂ ಇಲ್ಲ!

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆಯವರು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಮಡಿಕೇರಿಯಿಂದ ನಮ್ಮೂರಿಗೆ ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿ ಮತ್ತೆ ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಬಿಳಿ ಕಾರನ್ನು ಇವರ ಕೊರಳಿಗೆ ಕಟ್ಟಿ ಹೋದರು. ಕಾರು ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಕೂಡಿಯೇ ನಡೆಸಲು ಕಲಿತೆವು. ಇವರು ಗೇರು ಹಾಕುವಾಗ ಗೇರಿನ ಕಡೆ ನೋಡುತ್ತಿದ್ದರು, ಬ್ರೇಕು ಹಾಕುವಾಗ ಬ್ರೇಕಿನ ಕಡೆ ನೋಡುತ್ತಿದ್ದರು. ರಸ್ತೆಯ ಕಡೆ ನೋಡುವ ಜವಾಬ್ದಾರಿಯನ್ನು ರಸ್ತೆಯಲ್ಲಿ ನಡೆಯುವವರಿಗೇ ವಹಿಸಿಕೊಟ್ಟಿದ್ದರು. ಮೂರು ಸಲ ಪರೀಕ್ಷೆಗೆ ಹೋಗಿ ಮೂರೂ ಸಲ ಫೇಲಾದರು. ನಾನು ಮೊದಲನೆಯ ಸಲಕ್ಕೇ ಪಾಸಾದೆ. ಅಂದಿನಿಂದ ಸ್ಟೇರಿಂಗ್ ಹಿಡಿದು ನಾನು, ಪಕ್ಕದಲ್ಲಿ ಕೂತು ಸೂಚನೆ ಕೊಡುತ್ತ ಇವರು.

ಆ ಕಾರಿನ ಬಂಪರಿನ ಮೇಲೆ, ದೊಡ್ಡ ದೀಪಗಳ ಕೆಳಗೆ, ಹಳದಿ ಗಾಜಿನ ಎರಡು ಗುಂಡು ದೀಪಗಳಿದ್ದವು. ಮಡಿಕೇರಿಯಲ್ಲಿ ಮಂಜು ಮುಸುಕಿದಾಗ ರಸ್ತೆ ಕಾಣಲೆಂದು ಹಾಕಿಸಿದವು. ಹುನಗುಂದದಲ್ಲಿ ಬಿಸಿಲು ಬೀಳುತ್ತದೆ, ಧೂಳು ಬೀಳುತ್ತದೆ, ಬಸ್ಸಿನ ಟಾಪಿನ ಮೇಲಿಂದ ಸಂತೆಯ ಗಂಟುಗಳು ಬೀಳುತ್ತವೆ. ಮಂಜು ಬಿದ್ದದ್ದನ್ನು ನಮ್ಮ ಅತ್ತೆಯೂ ಕಂಡಿಲ್ಲ, ಅವರ ಅತ್ತೆಯೂ ಕಂಡಿಲ್ಲ. ಆದರೂ ನಮ್ಮ ಮನೆಯವರಿಗೆ ಆ ದೀಪಗಳ ಮೇಲೆ ಭಾರೀ ಅಭಿಮಾನ. ಅವಕ್ಕೆ 'ಮಂಜುದೀಪ' ಎಂದು ಹೆಸರಿಟ್ಟು, ದಿನಾ ಬೆಳಿಗ್ಗೆ ಟವೆಲಿನಿಂದ ಒರೆಸುತ್ತಿದ್ದರು. ಒರೆಸಿ ಒರೆಸಿ ಏನು ಫಲ? ಒಂದರ ಗಾಜು ಕಲ್ಲು ಸಿಡಿದು ಬಿರುಕು ಬಿಟ್ಟಿತು, ಇನ್ನೊಂದರ ಗಾಜಿನ ಸುತ್ತಲಿನ ಬಳೆಯನ್ನು ತುಕ್ಕು ತಿಂದಿತು. ಇಷ್ಟಾದರೂ ನಮಗೇನೂ ತೊಂದರೆಯಿರಲಿಲ್ಲ, ಸಾಹೇಬರು ಬರುತ್ತಾರೆಂಬ ಸುದ್ದಿ ಬಾರದೇ ಇದ್ದಿದ್ದರೆ.

ನಮ್ಮ ಶಾಲೆಯಲ್ಲಿ ಪ್ರಯೋಗಶಾಲೆ ಇರಲಿಲ್ಲ. ಒಂದು ಕಪಾಟು ಇತ್ತು. ಕಪಾಟಿನಲ್ಲಿ ಮೂಲೆ ಒಡೆದ ಪ್ರಿಸಂ, ಬತ್ತಿಯಿಲ್ಲದ ಸ್ಪಿರಿಟ್ ದೀಪ, ಬಾಟಲಿಯಲ್ಲಿ ಒಂದು ಕಪ್ಪೆ. ಕಪ್ಪೆ ನನಗಿಂತ ಸೀನಿಯರ್. ನನ್ನ ಹುಡುಗಿಯರು ಗಾಜಿನ ನಳಿಕೆಯಲ್ಲಿ ನೀರು ಕುದಿಯುವುದನ್ನು ಚಿತ್ರದಲ್ಲಿ ಕಂಡು, ಚಿತ್ರ ಬರೆದು, ಚಿತ್ರಕ್ಕೇ ಅಂಕ ಪಡೆದು ಹೋಗುತ್ತಿದ್ದರು. ಒಂದು ಪ್ರಯೋಗಶಾಲೆ ಕೊಡಿ ಎಂದು ನಾಲ್ಕು ವರ್ಷ ಅರ್ಜಿ ಬರೆದು ನನ್ನ ಅಕ್ಷರ ದುಂಡಗಾಗಿತ್ತೇ ಹೊರತು ಬೇರೇನೂ ಆಗಿರಲಿಲ್ಲ. ಆ ವರ್ಷ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನೆಗೆ ವಿಜಾಪುರದಿಂದ ಶಿಕ್ಷಣ ಇಲಾಖೆಯ ಸಾಹೇಬರು ಖುದ್ದಾಗಿ ಬರಲು ಒಪ್ಪಿದರು. ಅವರು ನೋಡಿ ಮೆಚ್ಚಿ ಬರೆದರೆ ಪ್ರಯೋಗಶಾಲೆ ಬಂತೆಂದೇ ಅರ್ಥ. ಅವರ ಜೀಪು ರಿಪೇರಿಗೆ ಹೋಗಿದ್ದರಿಂದ, ಸೋಮವಾರ ಬೆಳಿಗ್ಗೆ ಬಾಗಲಕೋಟೆಯ ಸ್ಟೇಷನ್ನಿನಿಂದ ಅವರನ್ನು ಕರೆತರುವ ಕೆಲಸ ನಮ್ಮ ಕಾರಿಗೆ ಬಂತು.

"ಒಡಕು ದೀಪ ಹಚಗೊಂಡು ಸಾಹೇಬರ ಮುಂದ ಹೆಂಗ ನಿಲ್ಲೂದು?" ಎಂದು ಇವರು ಇಳಕಲ್ಲಿಗೆ ಹೋಗಿ ಹೊಸ ಜೋಡಿ ಹಳದಿ ದೀಪ ತಂದರು. "ನಾಳಿಗೆ ಹುಸೇನಸಾಬನ್ನ ಕರಸ್ತೇನಿ. ಹತ್ತು ಮಿನಿಟಿನ್ಯಾಗ ಹಾಕಿ ಹೋಗ್ತಾನ."

ಹುಸೇನಸಾಬ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಮಿಸ್ತ್ರಿ.

"ಹತ್ತು ಮಿನಿಟಿನ ಕೆಲಸಕ್ಕ ಮಿಸ್ತ್ರಿ ಯಾಕ್ರಿ? ನಾ ಹಾಕ್ತೇನಿ" ಎಂದೆ.

"ನೀನು?"

ಕನ್ನಡ ವ್ಯಾಕರಣದ ಪ್ರಕಾರ 'ನೀನು' ಎಂಬುದು ಸರ್ವನಾಮ. ಅವತ್ತು ಇವರ ಬಾಯಲ್ಲಿ ಅದು ಅವಮಾನ! ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ ಸೆರಗು ಸಿಕ್ಕಿಸಿ ಕಾರಿನ ಮುಂದೆ ಕೂತೆ.

ಮೊದಲು ಹಳೆಯ ದೀಪ ಬಿಚ್ಚಬೇಕು. ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಪಾನಾ ತಿರುಗಿತು, ನಟ್ಟು ತಿರುಗಲಿಲ್ಲ. ಸೀಮೆಎಣ್ಣೆ ಬಿಟ್ಟು ಹತ್ತು ನಿಮಿಷ ಕಾದು ಮತ್ತೆ ತಿರುಗಿಸಿದೆ. ಈ ಸಲ ನಾನು ತಿರುಗಿದೆ. ಪಕ್ಕದ ಮನೆಯ ಗಂಗಕ್ಕ ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿ ನೋಡುತ್ತಿದ್ದರು.

"ಅಕ್ಕೋರ, ಸಬಕಾರ ಹಚ್ಚಿ ನೋಡ್ರಿ. ನನ್ನ ಬಳಿ ಕೈಯಾಗ ಸಿಕ್ಕೊಂಡಾಗ ಹಂಗ ತಗದಿದ್ದೆ."

ಶಿಕ್ಷಕಿಗೆ ನಮ್ಮೂರಿನಲ್ಲಿ ಅಕ್ಕೋರು ಎನ್ನುತ್ತಾರೆ. ಅಕ್ಕೋರು ಸಾಬೂನೂ ಹಚ್ಚಿದರು. ನಟ್ಟು ಸ್ವಚ್ಛವಾಯಿತು. ಅಷ್ಟೇ.

ಕೊನೆಗೆ ಅಡುಗೆಮನೆಯಿಂದ ಖಾರ ಅರೆಯುವ ಗುಂಡುಕಲ್ಲು ತಂದು, ಪಾನಾದ ಹಿಡಿಕೆಗೆ ಒಂದೇ ಏಟು ಹಾಕಿದೆ. 'ಖಣ್' ಎಂದಿತು. ದೀಪ ಇದ್ದಲ್ಲೇ ಇತ್ತು. ಬಂಪರಿನ ಎಡಗಡೆಯ ತುದಿ ಮಾತ್ರ ಕಳಚಿ ನೆಲಕ್ಕೆ ಇಳಿಯಿತು!

ಶಬ್ದ ಕೇಳಿ ಇವರು ಓಡಿ ಬಂದರು. "ದೀಪ ಬಿಚ್ಚತೇನಿ ಅಂದಿದ್ದಿ. ಬಂಪರ್ ಯಾಕ ಬಿಚ್ಚಿದಿ?"

"ಬಂಪರ್ ಬಿಚ್ಚಿದ್ರ ದೀಪ ಸಸಾರ ಬರ್ತಾವ. ಅದಕ ಒಂದು ಪದ್ಧತಿ ಇರ್ತೈತಿ" ಎಂದೆ. ಪದ್ಧತಿ ಎಂಬ ಶಬ್ದಕ್ಕೆ ಇವರು ಹೆದರುತ್ತಾರೆಂದು ನನಗೆ ಗೊತ್ತಿತ್ತು. ಇವರು ಬಂಪರಿನ ತುದಿ ಎತ್ತಿ ಹಿಡಿದು ನಿಂತರು, ನಾನು ಕೆಳಗೆ ಮಲಗಿ ಗುದ್ದಾಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡೂ ಹಳೆಯ ದೀಪ ಬಿಚ್ಚಿದ್ದವು. ಜೊತೆಗೆ ಇವರ ಸೊಂಟ ಹಿಡಿದಿತ್ತು.

ಇನ್ನು ತಂತಿಗಳು. ದೀಪದ ತಂತಿ, ಹಾರ್ನಿನ ತಂತಿ ಎಲ್ಲ ಒಂದೇ ಗಂಟಿನಲ್ಲಿದ್ದವು. ಕಾರು ಮಾಡಿದವರು ಅವಕ್ಕೆ ಬೇರೆ ಬೇರೆ ಬಣ್ಣ ಕೊಟ್ಟಿದ್ದರೆಂದು ಕಾಣುತ್ತದೆ. ಆದರೆ ಧೂಳು ಕುಡಿದು ಕುಡಿದು ಈಗ ಎಲ್ಲ ಒಂದೇ ಬಣ್ಣ: ಹುನಗುಂದದ ಬಣ್ಣ! ನಾನು ವಿಜ್ಞಾನದವಳಲ್ಲವೇ? ಯಾವುದು ಯಾವುದೆಂದು ಗುರುತು ಹಾಕದೆ ಬಿಚ್ಚುವವಳಲ್ಲ. ನನ್ನ ತವರು ಇಳಕಲ್ಲು. ತವರಿನಲ್ಲಿ ಮಗ್ಗಗಳಿವೆ, ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ ಬಣ್ಣ ಬಣ್ಣದ ರೇಷ್ಮೆ ಎಳೆಗಳಿಗೆ ಕೊರತೆಯಿರಲಿಲ್ಲ. ಎಡದೀಪದ ತಂತಿಗೆ ಕೆಂಪು ದಾರ, ಬಲದೀಪಕ್ಕೆ ಹಳದಿ, ಹಾರ್ನಿಗೆ ಹಸಿರು, ಸ್ವಿಚ್ಚಿಗೆ ನೀಲಿ. ಕಟ್ಟಿ ಮುಗಿಸಿ ದೂರ ನಿಂತು ನೋಡಿದೆ. ಎಷ್ಟು ಶಿಸ್ತು! ಎಂಥ ವೈಜ್ಞಾನಿಕ ಮನೋಭಾವ! ಸಂತೋಷದಿಂದ ನಿದ್ದೆ ಮಾಡಿದೆ.

ರವಿವಾರ ಬೆಳಿಗ್ಗೆ ನೋಡುತ್ತೇನೆ, ಒಂದು ದಾರವೂ ಇಲ್ಲ.

ಪಡಸಾಲೆಯಲ್ಲಿ ನಮ್ಮ ಅತ್ತೆ ಕೌದಿ ಹೊಲಿಯುತ್ತ ಕೂತಿದ್ದರು. ಕೌದಿಯ ಅಂಚಿನಲ್ಲಿ ಕೆಂಪು, ಹಳದಿ, ಹಸಿರು, ನೀಲಿ ರೇಷ್ಮೆಯ ಹೊಲಿಗೆ ಮಿಂಚುತ್ತಿತ್ತು.

"ಅತ್ತೀ, ಈ ದಾರ ಎಲ್ಲಿಂದ ತಗೊಂಡ್ರಿ?"

"ಕಾರಿನ ಹೊಟ್ಟ್ಯಾಗ ಜೋತಾಡಾಕತ್ತಿದ್ದುವು, ಯವ್ವಾ. ಇಂಥಾ ಛಲೋ ರೇಷ್ಮಿ, ಇಲಿ ಒಯ್ದಾವು ಅಂತ ಬಿಚಗೊಂಡು ಬಂದೆ. ನೋಡು, ಹೆಂಗ ಕಾಣತೈತಿ?"

"ಭಾಳ ಚೆಂದ ಕಾಣತೈತ್ರಿ" ಎಂದೆ. ಖರೆ ಹೇಳಬೇಕೆಂದರೆ ಚೆಂದವೇ ಕಾಣುತ್ತಿತ್ತು.

ಆಗಲಾದರೂ ಹುಸೇನಸಾಬನಿಗೆ ಹೇಳಿ ಕಳಿಸಬಹುದಿತ್ತು. ಆದರೆ ಇವರ ಬಾಯಿಂದ ಇನ್ನೊಂದು ಸಲ ಆ ಸರ್ವನಾಮ ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ತರ್ಕದಿಂದಲೇ ತಂತಿ ಕೂಡಿಸಿದೆ. ಬಂಪರನ್ನೂ ಹೊಸ ದೀಪಗಳನ್ನೂ ಕೂಡಿಸಿ, ಇವರನ್ನು ಒಳಗೆ ಕೂಡಿಸಿ, "ದೀಪದ ಸ್ವಿಚ್ ಹಾಕ್ರಿ" ಎಂದೆ.

ಹಾರ್ನು ಹೊಡೆಯಿತು.

"ಈಗ ಹಾರ್ನ್ ಒತ್ತರಿ."

ಎಡಗಡೆಯ ದೀಪ ಹತ್ತಿತು.

ಗೋಡೆಯ ಮೇಲಿನಿಂದ ಗಂಗಕ್ಕ ಕೇಳಿದರು: "ಅಕ್ಕೋರ, ಈಗ ಒದರಿದ್ದು ದೀಪ ಏನ್ರಿ?"

ತಂತಿ ಬದಲಿಸಿದೆ. ಈ ಸಲ ಸ್ವಿಚ್ ಹಾಕಿದರೆ ಏನೂ ಆಗಲಿಲ್ಲ, ಆರಿಸಿದರೆ ಎರಡೂ ದೀಪ ಹತ್ತಿದವು. ಇದು ಹೇಗೆಂದು ಇಂದಿಗೂ ನನಗೆ ತಿಳಿದಿಲ್ಲ. ಹೀಗೆ ಕೂಡಿಸುತ್ತ, ಬಿಚ್ಚುತ್ತ, ಒದರಿಸುತ್ತ ರವಿವಾರ ಕಳೆಯಿತು. ಓಣಿಯ ನಾಯಿಗಳೆಲ್ಲ ಒಂದೊಂದಾಗಿ ಎದ್ದು ಬೇರೆ ಓಣಿಗೆ ಹೋದವು. ಸಂಜೆ ಐದಕ್ಕೆ ಪವಾಡವಾಯಿತು! ಸ್ವಿಚ್ ಹಾಕಿದರೆ ದೀಪ ಹತ್ತಿದವು, ಹಾರ್ನು ಒತ್ತಿದರೆ ಹಾರ್ನೇ ಹೊಡೆಯಿತು. ಕೂಡಲೇ ಎಲ್ಲ ತಂತಿಗಳನ್ನೂ ಒಟ್ಟುಮಾಡಿ, ಬಾಣಂತಿಯ ತಲೆಗೆ ಬಟ್ಟೆ ಕಟ್ಟಿದ ಹಾಗೆ ಟೇಪು ಸುತ್ತಿ ಸುತ್ತಿ ಬಿಗಿದೆ. ನೆಲದ ಮೇಲೆ ಎರಡು ಸ್ಕ್ರೂ, ಮೂರು ವಾಶರ್ ಉಳಿದಿದ್ದವು.

"ಇವು ಯಾವು?" ಎಂದರು ಇವರು.

"ಹೆಚ್ಚಿನವು" ಎಂದೆ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಹೊರಟೆ. ಪಕ್ಕದಲ್ಲಿ ಇವರು, ಕೋಟು ಹಾಕಿಕೊಂಡು. ಬಾಗಲಕೋಟೆಯ ತನಕ ಕಾರು ಹಂಸದಂತೆ ತೇಲಿತು. ಸ್ಟೇಷನ್ನಿನಲ್ಲಿ ಸಾಹೇಬರು ಇಳಿದರು. ತೆಳ್ಳನೆಯ, ಬಿಳಿ ಕೂದಲಿನ, ಮೈಸೂರಿನ ಕಡೆಯ ಮನುಷ್ಯ. ಕಾರಿನ ಮುಂದೆ ಒಂದು ಕ್ಷಣ ನಿಂತು, "ಇಲ್ಲಿ ಮಂಜು ಬೀಳುತ್ತಾ?" ಎಂದು ಕೇಳಿದರು.

"ಬಿದ್ದರೂ ಬೀಳಬಹುದೆಂಬ ಮುಂಜಾಗ್ರತೆಯಿಂದ..." ಎಂದು ನಮ್ಮ ಮನೆಯವರು ಗ್ರಾಂಥಿಕದಲ್ಲಿ ಶುರು ಮಾಡಿದರು. ಸಾಹೇಬರ ಎದುರಿಗೆ ಇವರಿಗೆ ಮನೆಯ ಮಾತು ಬಾಯಿಗೆ ಬರುತ್ತಿರಲಿಲ್ಲ.

"ಹಾಕಿದ್ದು ಚೆನ್ನಾಗಿದೆ. ಯಾರು ಹಾಕಿದ್ದು?"

ಆಗಲೇ 'ನಾನೇ' ಎನ್ನಬೇಕಾಗಿತ್ತು. ಆದರೆ ನನಗೆ ವಿನಯ ಅಡ್ಡ ಬಂತು. ಜೀವಮಾನದಲ್ಲಿ ನನ್ನನ್ನು ಕಾಪಾಡಬಹುದಾಗಿದ್ದ ಒಂದೇ ಒಂದು ಹೆಮ್ಮೆಯ ಮಾತನ್ನು ಅವತ್ತು ನುಂಗಿಕೊಂಡೆ. "ನಮ್ಮ ಕಡಿ ಒಬ್ಬರು ಹಾಕ್ಯಾರ್ರಿ" ಎಂದೆ.

ಸಾಹೇಬರು ಹಿಂದಿನ ಸೀಟಿನಲ್ಲಿ ಒರಗಿ, "ಬೆಳಗಿನ ಜಾವವೇ ಎದ್ದಿದ್ದೀನಿ. ಸ್ವಲ್ಪ ಕಣ್ಣು ಮುಚ್ತೀನಿ ಅಮ್ಮಾ" ಎಂದರು. ಕಮತಗಿ ದಾಟುವವರೆಗೆ ಅವರ ಗೊರಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಕಮತಗಿ ದಾಟಿ ಸ್ವಲ್ಪ ಮುಂದೆ ರಸ್ತೆಯ ತುಂಬ ಕುರಿ. ಹಿಂಡಿನ ನಡುವೆ ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರಪ್ಪನ ಭಂಡಾರದ ಹಳದಿ ಪುಡಿ ಬಳಿದುಕೊಂಡ ಒಬ್ಬ ಅಜ್ಜ. ನಾನು ಮೆಲ್ಲಗೆ ಹಾರ್ನು ಒತ್ತಿದೆ. ಹಾರ್ನು ಹೊಡೆಯಲಿಲ್ಲ. ಹಾಡು ಹಗಲಲ್ಲಿ ಎರಡೂ ಹಳದಿ ದೀಪಗಳು ಕಣ್ಣು ತೆರೆದವು.

ರಸ್ತೆಯ ತಗ್ಗುಗಳಿಗೆ ಕುಲುಕಾಡಿ, ಎಂಜಿನ್ನಿನ ಬಿಸಿಗೆ ಕರಗಿ, ನನ್ನ ಟೇಪಿನ ಒಳಗೆ ತಂತಿಗಳು ಆಗಲೇ ಸಂಸಾರ ಬದಲಾಯಿಸಿಕೊಂಡಿದ್ದವು. ಮತ್ತೆ ಒತ್ತಿದೆ. ಮತ್ತೆ ದೀಪ. ಕುರಿಗಳು ಸರಿಯುವುದು ಬಿಟ್ಟು ನಿಂತು ನೋಡತೊಡಗಿದವು.

ಅಜ್ಜ ಕಿಟಕಿಯ ಹತ್ತಿರ ಬಂದ. "ದೀಪಕ್ಕೂ ಭಂಡಾರ ಹಚ್ಚೀರಿ ಏನ್ರೆವಾ? ಹಗಲತ್ತ ಯಾಕ ಹಚ್ಚಿ ಆರಸತೀರಿ? ಟಗರ ಮುಂದ ಹಂಗ ಕಣ್ಣ ಮಿಟಕಸಬ್ಯಾಡ್ರಿ, ಅದು ಬ್ಯಾರೆ ತಿಳಕೊಂತೈತಿ."

ಅಜ್ಜನ ಮಾತು ಮುಗಿಯುವ ಮೊದಲೇ ಟಗರು ಬೇರೆ ತಿಳಿದುಕೊಂಡಿತ್ತು. ಹಿಂಡಿನ ನಡುವಿನಿಂದ ಸುರುಳಿಗೊಂಬಿನ ಒಂದು ಭಾರೀ ಟಗರು ಹೊರಬಂದು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ ಬಂತು. ಢಮ್! ಬಲಗಡೆಯ ಹೊಸ ದೀಪ ಕಿತ್ತು ಜೋತು ಬಿತ್ತು. ಮರುಕ್ಷಣವೇ ಹಾರ್ನು ಶುರುವಾಯಿತು. ಶುರುವಾದದ್ದು ನಿಲ್ಲಲಿಲ್ಲ.

ಸಾಹೇಬರು ಸೀಟಿನಿಂದ ಒಂದು ಗೇಣು ಮೇಲೆದ್ದರು. "ಏನಾಯ್ತು? ಏನಾಯ್ತಮ್ಮಾ?"

"ಟಗರೊಂದು ಅನಿರೀಕ್ಷಿತವಾಗಿ..." ಎಂದು ಇವರು ಶುರು ಮಾಡಿದ ವಾಕ್ಯ ಹಾರ್ನಿನಲ್ಲಿ ಮುಳುಗಿ ಹೋಯಿತು.

ನಾನು ಇಳಿದು ಬಾನೆಟ್ ಎತ್ತಿದೆ. ಒಂದು ತಂತಿ ಎಳೆದೆ. ಹಾರ್ನು ನಿಲ್ಲಲಿಲ್ಲ. ಎರಡನೆಯದು ಎಳೆದೆ. ನಿಲ್ಲಲಿಲ್ಲ. ಮೂರನೆಯದನ್ನು ಎಳೆದೆ. ನಿಂತಿತು! ಆಹಾ, ಆ ಮೌನ! ದೂರದಲ್ಲಿ ಗೀಜಗದ ಹಕ್ಕಿ ಕೂಗುವುದು ಕೇಳಿಸಿತು. ಖುಷಿಯಿಂದ ಕೂತು ಚಾವಿ ತಿರುಗಿಸಿದೆ. ಕಾರು ಶುರುವಾಗಲಿಲ್ಲ. ಮೂರನೆಯ ತಂತಿ ಮರಳಿ ಸಿಕ್ಕಿಸಿದೆ. ಕಾರು ಶುರುವಾಯಿತು, ಹಾರ್ನೂ ಶುರುವಾಯಿತು. ನಾನು ಟೇಪು ಸುತ್ತಿ ಸುತ್ತಿ ಇಬ್ಬರಿಗೂ ಒಂದೇ ಪ್ರಾಣ ಮಾಡಿಬಿಟ್ಟಿದ್ದೆ. ಪಾನಾ, ಪಕ್ಕಡ ಎಲ್ಲ ಮನೆಯ ಅಂಗಳದಲ್ಲಿ ಸುಖವಾಗಿ ಬಿದ್ದಿದ್ದವು.

ಅಜ್ಜ ಮಾತ್ರ ಗಾಬರಿಯಾಗಲಿಲ್ಲ. "ಟಗರಿನ ತಪ್ಪಲ್ಲರೆವಾ. ಎದುರಿಗೆ ನಿಂತು ಕಣ್ಣ ಕಿಸದ್ರ ಅದು ಬಿಟ್ಟೀತೇನು?" ಎಂದು ಕಿವಿಯ ಹತ್ತಿರ ಬಂದು ಕೂಗಿ ಹೇಳಿದ. ಜೋತು ಬಿದ್ದ ದೀಪವನ್ನು ಮೇಲೆತ್ತಿ, ಸೊಂಟದಲ್ಲಿದ್ದ ಉಣ್ಣೆಯ ಹಗ್ಗದಿಂದ ಬಂಪರಿಗೆ ಬಿಗಿದ. ಅದು ನಿಲ್ಲಲಿಕ್ಕಿಲ್ಲವೆಂದು ಹಗ್ಗವನ್ನು ಬಾನೆಟ್ಟಿನ ಮೇಲಿಂದ ಒಯ್ದು ಆ ಕಡೆಯ ಬಂಪರಿಗೂ ಸುತ್ತಿ, ಮೇಲೊಂದು ಗಂಟು ಹಾಕಿದ. "ಬೀರಪ್ಪನ ಆಣಿ, ಈ ಗಂಟ ಬಿಚ್ಚಂಗಿಲ್ಲ" ಎಂದ.

ಆ ಮಾತು ಎಷ್ಟು ಖರೆಯೆಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಮುಂದೆ ಎರಡೇ ದಾರಿ: ಮೌನವಾಗಿ ಅಲ್ಲೇ ನಿಲ್ಲುವುದು, ಇಲ್ಲವೇ ಒದರುತ್ತ ಹೋಗುವುದು. ಸಾಹೇಬರು ಗಡಿಯಾರ ನೋಡಿದರು. ಎರಡು ಕಿವಿಗೂ ಬೆರಳು ಕೊಟ್ಟುಕೊಂಡರು. ಗದ್ದದಿಂದ ಮುಂದಕ್ಕೆ ತೋರಿಸಿದರು.

ಹೊರಟೆವು. ಎದುರಿಗೆ ಬಂದ ಚಕ್ಕಡಿಗಳು ಹೊಲಕ್ಕಿಳಿದವು. ಹಿಂದಿನಿಂದ ಯಾವಾಗಲೂ ನಮ್ಮನ್ನು ದಾಟಿ ಹೋಗುವ ಬಸ್ಸುಗಳು ಅಂದು ಮೊದಲ ಸಲ ದಾರಿ ಬಿಟ್ಟವು. ಒಬ್ಬ ಪೊಲೀಸ್ ಸೈಕಲ್ಲಿನಿಂದ ಹಾರಿ ಇಳಿದು ಸೆಲ್ಯೂಟ್ ಹೊಡೆದ. ಕಾರಿನಲ್ಲಿ ಮಂತ್ರಿ ಇದ್ದಾರೆಂದು ತಿಳಿದನೋ, ಹೆಣ ಇದೆಯೆಂದು ತಿಳಿದನೋ ಹೇಳುವುದು ಕಷ್ಟ. ನಮ್ಮ ಮನೆಯವರು ಕಿಟಕಿಯಿಂದ ತಲೆ ಹೊರಹಾಕಿ ಎಲ್ಲರಿಗೂ ಕೈಮುಗಿಯುತ್ತ, "ಕ್ಷಮಿಸಬೇಕು! ಕ್ಷಮಿಸಬೇಕು!" ಎನ್ನುತ್ತಿದ್ದರು. ಜನ ಅದನ್ನು ಓಟು ಕೇಳುವುದೆಂದು ತಿಳಿದು ಕೈಮುಗಿದರು.

ಅಮೀನಗಡದಲ್ಲಿ ಎರಡು ಬಸ್ಸು ಎದುರುಬದುರು ನಿಂತು ರಸ್ತೆ ಕಟ್ಟಿತ್ತು. ನಿಲ್ಲಲೇಬೇಕಾಯಿತು. ಕರದಂಟಿನ ಅಂಗಡಿಗಳಿಂದ ಜನ ಹೊರಗೆ ಬಂದು ಸುತ್ತಲೂ ನಿಂತರು. ಬಾನೆಟ್ಟಿನ ಮೇಲಿನ ಹಗ್ಗ, ಒದರುವ ಹಾರ್ನು, ಕೋಟು ಹಾಕಿದ ಮನುಷ್ಯ, ರೇಷ್ಮೆ ಸೀರೆಯ ಹೆಂಗಸು.

"ಮದವಿ ಕಾರೇನ್ರಿ?" ಎಂದು ಒಬ್ಬ ಅಂಗಡಿಯವನು ಕೂಗಿದ.

ಇವರು ಅಲ್ಲ ಎಂದು ತಲೆಯಾಡಿಸಿದರು. ಹಾರ್ನಿನ ಗದ್ದಲದಲ್ಲಿ ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಹಿಂದೆ ಕಿವಿ ಮುಚ್ಚಿಕೊಂಡು ಕೂತಿದ್ದ ಬಿಳಿ ಕೂದಲಿನ ಸಾಹೇಬರನ್ನು ನೋಡಿ ಹುಡುಗಿಯ ತಂದೆಯೇ ಎಂದು ಅವನಿಗೆ ಖಾತ್ರಿಯಾಯಿತು. ಇಷ್ಟು ದುಃಖದ ಮುಖ ಇನ್ಯಾರದ್ದು ಇದ್ದೀತು? ಕನಿಕರದಿಂದ ಕರದಂಟಿನ ಒಂದು ದೊಡ್ಡ ತುಂಡು ತಂದು ಅವರ ಬಾಯಿಯ ಹತ್ತಿರವೇ ಹಿಡಿದ. ಕಿವಿಯಿಂದ ಬೆರಳು ತೆಗೆಯಲಾರದೆ ಸಾಹೇಬರು ಹಾಗೆಯೇ ಕಚ್ಚಿದರು. ಅಗಿದರು. ಅವರ ತುಟಿ ಅಲುಗಾಡಿದ್ದನ್ನು ಕನ್ನಡಿಯಲ್ಲಿ ಕಂಡೆ. "ಚೆನ್ನಾಗಿದೆ" ಎಂದ ಹಾಗಿತ್ತು. ನಮ್ಮ ಸೀಮೆಯಲ್ಲಿ ಬೆಳಗಿನಿಂದ ಅವರಿಗೆ ಒಳ್ಳೆಯದಾಗಿದ್ದು ಅದೊಂದೇ.

ಹುನಗುಂದ ಬಂತು. ನಾವು ಬರುವ ಸುದ್ದಿ ಹಾರ್ನಿನ ರೂಪದಲ್ಲಿ ಎರಡು ಮೈಲು ಮುಂಚೆಯೇ ಊರು ಮುಟ್ಟಿತ್ತು. ಶಾಲೆಯ ಬಾಗಿಲಲ್ಲಿ ಬಿಳಿ ರವಿಕೆ, ನೀಲಿ ಲಂಗದ ಹುಡುಗಿಯರು ಎರಡು ಸಾಲು. ನಡುವೆ ಹಾರ ಹಿಡಿದ ಹೆಡ್‌ಮಿಸ್ಟ್ರೆಸ್, ಅಂದರೆ ನಮ್ಮ ದೊಡ್ಡ ಅಕ್ಕೋರು. ಅವರ ತಲೆಯ ಮೇಲೆ ನಾನೇ ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ಕಟ್ಟಿಸಿದ ಬಟ್ಟೆಯ ಫಲಕ: 'ವಿದ್ಯುತ್ತನ್ನು ತಿಳಿಯಿರಿ, ಸುರಕ್ಷಿತವಾಗಿ ಬಳಸಿರಿ.'

ಕಾರು ನಿಲ್ಲಿಸಿ ಚಾವಿ ತೆಗೆದೆ. ಎಂಜಿನ್ನು ನಿಂತಿತು, ಹಾರ್ನು ನಿಲ್ಲಲಿಲ್ಲ. ಮೂರನೆಯ ತಂತಿ ಎಳೆಯೋಣವೆಂದು ಬಾನೆಟ್ಟಿಗೆ ಕೈ ಹಾಕಿದೆ. ಬಾನೆಟ್ಟಿನ ಮೇಲೆ ಅಜ್ಜನ ಹಗ್ಗ! ಹಗ್ಗಕ್ಕೆ ಅಜ್ಜನ ಗಂಟು! ಉಗುರು ಹಾಕಿದೆ, ಹಲ್ಲು ಹಾಕಿದೆ. ಇವರು ಕೋಟು ಬಿಚ್ಚಿ ಬಂದು ಎಳೆದರು. ಎಳೆದಷ್ಟೂ ಗಂಟು ಬಿಗಿಯಾಯಿತು.

ನಮ್ಮ ಹಿಂದೆ ಸ್ವಾಗತ ಸಮಾರಂಭ ನಡೆದೇ ಇತ್ತು. ಹುಡುಗಿಯರ ಬಾಯಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಸ್ವಾಗತಗೀತೆಯ ಒಂದು ಅಕ್ಷರವೂ ಕೇಳಲಿಲ್ಲ. ದೊಡ್ಡ ಅಕ್ಕೋರು ಎರಡು ಪುಟದ ಭಾಷಣವನ್ನು ಪೂರ್ತಿ ಓದಿದರು. ಅವರು ಮುಗಿಸಿದ್ದು ಯಾರಿಗೂ ತಿಳಿಯದ್ದರಿಂದ ಯಾರೂ ಚಪ್ಪಾಳೆ ತಟ್ಟಲಿಲ್ಲ. ಊರೇ ಬಂದು ನೆರೆದಿತ್ತು. ಗಂಗಕ್ಕನೂ ಇದ್ದರು. ಕೌದಿ ಹೊಲಿಯುವುದು ಬಿಟ್ಟು ನಮ್ಮ ಅತ್ತೆಯೂ ಬಂದಿದ್ದರು.

ಆ ಜನರನ್ನು ಸರಿಸಿಕೊಂಡು, ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದವನು ಹುಸೇನಸಾಬ. ಗ್ಯಾರೇಜಿನಲ್ಲಿ ಕೂತಿದ್ದವನಿಗೆ ತನ್ನನ್ನು ಯಾರೋ ಕರೆಯುತ್ತಿದ್ದಾರೆ ಅನ್ನಿಸಿತಂತೆ. ಕಿಸೆಯಿಂದ ಚಾಕು ತೆಗೆದು ಹಗ್ಗ ಕೊಯ್ದ. ಬಾನೆಟ್ ಎತ್ತಿದ. ಪಾನಾದಿಂದ ಬ್ಯಾಟರಿಯ ತಂತಿ ಬಿಚ್ಚಿದ. ಎಲ್ಲ ಸೇರಿ ಒಂದು ನಿಮಿಷ.

ಮೌನ! ಹುಡುಗಿಯರು ಎರಡನೆಯ ಸಲ ಹಾಡುತ್ತಿದ್ದ ಗೀತೆಯ ಕೊನೆಯ ಸಾಲು ಮಾತ್ರ ಗಟ್ಟಿಯಾಗಿ ಹೊರಬಿತ್ತು.

ಹುಸೇನಸಾಬ ಟೇಪು ಬಿಚ್ಚುತ್ತ ಹೋದ. ಬಿಚ್ಚಿದಷ್ಟೂ ಬಂತು. ಕೊನೆಗೆ ಒಳಗಿದ್ದುದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

"ಯಾ ಅಲ್ಲಾ! ಅಕ್ಕೋರ, ಇದನ್ನ ಯಾರು ಮಾಡಿದ್ರಿ?"

ಸಾಹೇಬರು ಎರಡು ಹೆಜ್ಜೆ ಹತ್ತಿರ ಬಂದು ನಿಂತರು. ಕಿವಿಯಿಂದ ಬೆರಳು ತೆಗೆದಿದ್ದರು.

"ಅದು... ಇಳಕಲ್ಲದ ಕಡಿ ಒಬ್ಬ ಮಿಸ್ತ್ರಿ ಅದಾನ" ಎಂದೆ.

"ಅವನ ಕೈಗೆ ಪಾನಾ ಕೊಟ್ಟವರ್ಯಾರ್ರಿ? ದೀಪದ ತಂತಿ ಒಯ್ದು ಹಾರ್ನಿಗೆ ಕೊಟ್ಟಾನ, ಹಾರ್ನಿಂದು ಒಯ್ದು ಎಂಜಿನ್ನಿಗೆ ಕೊಟ್ಟಾನ. ಗಾಡಿಗೆ ಬೆಂಕಿ ಹತ್ತಲಿಲ್ಲ, ಅದು ನಿಮ್ಮ ಪುಣ್ಯಾ. ಅವಗ ಕರೆಂಟಿನ ಗಂಧಾನ ಇಲ್ರಿ! ನಿಮ್ಮ ಸಾಲಿಗೆ ಕರಸಿ ಒಂದು ಪಾಠ ಹೇಳ್ರಿ ಅವಗ!"

ನಾನು ಗಂಭೀರವಾಗಿ ತಲೆಯಾಡಿಸಿದೆ. ಇನ್ನೊಂದು ಅರ್ಧ ನಿಮಿಷ ಕಳೆದಿದ್ದರೆ ಆ ಇಳಕಲ್ಲಿನ ಮಿಸ್ತ್ರಿಯ ತಲೆಯ ಮೇಲೆ ಎಲ್ಲವೂ ಹೋಗಿ ಕೂರುತ್ತಿತ್ತು. ಅಷ್ಟರಲ್ಲಿ ಜನರ ನಡುವಿನಿಂದ ನಮ್ಮ ಅತ್ತೆಯ ಧ್ವನಿ ಕೇಳಿತು. ಸೊಸೆಯ ಕೀರ್ತಿ ಬೇರೆಯವರ ಪಾಲಾಗುವುದನ್ನು ಯಾವ ಅತ್ತೆ ತಾನೇ ಸಹಿಸಿಯಾಳು?

"ಯಾವ ಮಿಸ್ತ್ರಿನೋ, ಹುಸೇನಾ? ಏನರ ತಿಳೀದ ಮಾತಾಡಬ್ಯಾಡ. ನಮ್ಮ ಗಿರಿಜವ್ವ ತಾನ ಕುಂತು ಎರಡು ದಿನಾ ಮಾಡ್ಯಾಳ! ನಾ ಕಣ್ಣಾರೆ ನೋಡೇನಿ. ಬಿ.ಎಸ್‌ಸಿ. ಕಲ್ತಾಕಿ ಅದಾಳ ಆಕಿ!"

ಹುಸೇನಸಾಬ ಬಿಚ್ಚಿದ ಟೇಪನ್ನು ಮೆಲ್ಲಗೆ ಮತ್ತೆ ಸುತ್ತತೊಡಗಿದ.

ಸಾಹೇಬರು ನನ್ನ ಮುಖ ನೋಡಿದರು. ತಲೆಯ ಮೇಲಿನ ಫಲಕ ನೋಡಿದರು. ಒಳಗೆ ನಡೆದರು.

ಪ್ರದರ್ಶನದಲ್ಲಿ ನನ್ನ ಹುಡುಗಿಯರು ಚಂದವಾಗಿ ಉತ್ತರ ಹೇಳಿದರು. ಅವರು ಮಾಡಿದ ದೀಪಗಳೆಲ್ಲ ಹತ್ತಿದವು, ಗಂಟೆಗಳೆಲ್ಲ ಮೊಳಗಿದವು, ನಿಲ್ಲಿಸಿದಾಗ ನಿಂತವು. ಸಾಹೇಬರು ಕಪಾಟು ನೋಡಿದರು. ಕಪ್ಪೆಯನ್ನು ಬಹಳ ಹೊತ್ತು ನೋಡಿದರು. ಊಟವಾದ ಮೇಲೆ ನಮ್ಮ ಮನೆಯವರು, "ಹುಸೇನಸಾಬ ಕಾರನ್ನು ಸರಿಪಡಿಸಿದ್ದಾನೆ, ತಮ್ಮನ್ನು ಬಾಗಲಕೋಟೆಗೆ..." ಎಂದು ಶುರು ಮಾಡಿದರು.

"ಬೇಡಿ. ಬಸ್ಸಿನಲ್ಲಿ ಹೋಗ್ತೀನಿ" ಎಂದರು ಸಾಹೇಬರು. "ಬಸ್ಸಿನ ದೀಪ ಯಾರು ಹಾಕಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರೋದೇ ಒಂದು ಸಮಾಧಾನ."

ಅವತ್ತು ನನಗೆ ಊಟ ಸೇರಲಿಲ್ಲ. ಊರು ನಕ್ಕದ್ದಕ್ಕಲ್ಲ; ಊರು ನಗಲಿ. ನಾಲ್ಕು ವರ್ಷ ಬರೆದ ಅರ್ಜಿಗಳನ್ನು ಎರಡು ಹಳದಿ ದೀಪಗಳಿಗಾಗಿ ನಾನೇ ಸುಟ್ಟೆನಲ್ಲ ಎಂದು. ಬರುವ ವರ್ಷದ ಹುಡುಗಿಯರೂ ಚಿತ್ರವನ್ನೇ ಕುದಿಸಬೇಕಲ್ಲ! ಇವರು ಪಕ್ಕದಲ್ಲಿ ಕೂತು, "ಹೋಗ್ಲಿ ಬಿಡು, ಗಿರಿಜಾ. ಬಂಪರ್ ಬಿಚ್ಚೂ ಪದ್ಧತಿ ಆದ್ರೂ ತಿಳೀತಲ್ಲ" ಎಂದರು. ಸಮಾಧಾನ ಹೇಳುವುದರಲ್ಲೂ ಇವರಿಗೆ ಲೈಸೆನ್ಸು ಸಿಕ್ಕಿಲ್ಲ.

ಎರಡು ತಿಂಗಳ ನಂತರ ವಿಜಾಪುರದಿಂದ ಒಂದು ಲಕೋಟೆ ಬಂತು. ದೊಡ್ಡ ಅಕ್ಕೋರು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ನಮ್ಮ ಶಾಲೆಗೆ ಪ್ರಯೋಗಶಾಲೆ ಮಂಜೂರಾಗಿತ್ತು! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಣ್ಣೊರೆಸಿಕೊಂಡೆ. ದೊಡ್ಡ ಅಕ್ಕೋರು ಕೈ ಎತ್ತಿ, "ತಡೀರಿ, ಇನ್ನೊಂದು ಸಾಲು ಐತಿ" ಎಂದು ಮುಂದೆ ಓದಿದರು:

'ಸದರಿ ಶಾಲೆಯಲ್ಲಿ ಪ್ರಯೋಗಶಾಲೆಯ ಅಗತ್ಯವು ವಿದ್ಯಾರ್ಥಿನಿಯರಿಗಿಂತಲೂ ವಿಜ್ಞಾನ ಶಿಕ್ಷಕಿಯವರಿಗೆ ತುರ್ತಾಗಿ ಇರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ.'

ಆ ಪತ್ರದ ನಕಲನ್ನು ನಮ್ಮ ಮನೆಯವರು ಕೇಳಿ ತಂದರು. ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದುಕೊಂಡು ಎರಡು ಸಲ ಓದಿದರು.

"ಸಾಹೇಬರ ಕನ್ನಡ ಭಾಳ ಶುದ್ಧ ಐತಿ, ಗಿರಿಜಾ. ಎಲ್ಲೂ ಒಂದು ತಪ್ಪಿಲ್ಲ" ಎಂದರು.

ನಾನೂ ಇಸಿದುಕೊಂಡು ಓದಿ ನೋಡಿದೆ. ವಿಷಯದಲ್ಲೂ ತಪ್ಪಿರಲಿಲ್ಲ!